ಒಂದು ಸುತ್ತು ಸುಣ್ಣ

(ಕಾರ್ಡು)
ಅಜ್ಜಂಪುರ
3-12-1978

ಕರಿಯಕ್ಕನವರಿಗೆ ಷಣ್ಮುಖಪ್ಪ ಮಾಡುವ ನಮಸ್ಕಾರ.

ನಿಮ್ಮ ತಂಗಿ, ನನ್ನ ಮನೆಯವಳು ಕಲ್ಲಮ್ಮ ಹೋಗಿ ಒಂಬತ್ತು ತಿಂಗಳಾಯಿತು. ಅಷ್ಟು ದಿನವೂ ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಈಗ ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಈಚಲು ಮರದ ರಸ ಇಳಿಸುವ ನಮ್ಮ ಹನ್ನೊಂದು ಮನೆಯವರ ಸಂಘಕ್ಕೆ ಈ ವರ್ಷವೂ ನೀರಾ ಮಳಿಗೆ ಇಡಲು ಅನುಮತಿ ಬಂದಿದೆ. ಕಡೂರು, ಅಜ್ಜಂಪುರ, ತರೀಕೆರೆ, ಮೂರೂ ಕಡೆ ತಿಂಡಿ ಮೇಳ. ಮೂರಕ್ಕೂ ಸ್ವಯಂಸೇವಕನಾಗಿ ಹೆಸರು ಕೊಟ್ಟಿದ್ದೇನೆ. ಸಂಬಳವಿಲ್ಲ. ಎದೆಗೆ ಒಂದು ಹಳದಿ ಪಟ್ಟಿ, ಎರಡು ಹೊತ್ತು ಊಟ. ಮನೆಯಲ್ಲಿ ಕೂರಲು ಆಗುತ್ತಿಲ್ಲ.

ಮಡಕೆಯ ಒಳಗೆ ಸುಣ್ಣ ಬಳಿಯುವುದು ಕಲ್ಲಮ್ಮನ ಕೆಲಸವಾಗಿತ್ತು. ಸುಣ್ಣ ಕಡಿಮೆಯಾದರೆ ಬೆಳಗಾಗುವಷ್ಟರಲ್ಲಿ ನೀರಾ ಹುಳಿ ಬಂದು ಹೆಂಡವಾಗುತ್ತದೆ, ಹೆಚ್ಚಾದರೆ ನಾಲಿಗೆ ಸುಡುತ್ತದೆ. ಅವ್ವನಿಂದ ಅಕ್ಕ ಕಲಿತಳು, ಅಕ್ಕನಿಂದ ನಾನು ಎನ್ನುತ್ತಿದ್ದಳು. ಅಳತೆ ಎಷ್ಟು ಎಂದು ಒಂದು ಸಾಲು ಬರೆಯಿರಿ.

ಷಣ್ಮುಖಪ್ಪ


ಲಕ್ಕವಳ್ಳಿ
9-12-1978

ಷಣ್ಮುಖಪ್ಪನವರಿಗೆ,

ಇನ್ನು ಮೇಲೆ ಕಾರ್ಡು ಹಾಕಬೇಡಿ. ಬರೆಯಲೇಬೇಕಿದ್ದರೆ ಇನ್‌ಲ್ಯಾಂಡಿನಲ್ಲಿ ಬರೆದು ಅಂಟಿಸಿ. ಮೇಲೆ ಕರಿಯಮ್ಮ ಎಂದೂ ಬರೆಯಬೇಡಿ. ಮದುವೆಯಾದ ದಿನ ಈ ಮನೆಯವರು ಇಟ್ಟ ಹೆಸರು ಜಯಲಕ್ಷ್ಮಮ್ಮ. ಡ್ಯಾಮಿನ ಕಾಲೋನಿಯಲ್ಲಿ ಹದಿನೆಂಟು ವರ್ಷದಿಂದ ನನಗೆ ಅದೊಂದೇ ಹೆಸರು.

ಅಂಚೆಯ ಲಕ್ಕಣ್ಣ ಕಾರ್ಡನ್ನು ಕೈಗೆ ಕೊಡದೆ, ಓದಿ, ಕಾಂಪೌಂಡಿನ ಆಚೆಯಿಂದಲೇ ಕೂಗಿದ: "ಅಮ್ಮಾರೇ, ಹೆಂಡದ ಮಡಕೆಗೆ ಸುಣ್ಣ ಎಷ್ಟು ಬಳೀಬೇಕು ಅಂತ ಯಾರೋ ನಿಮ್ಮನ್ನ ಕೇಳವ್ರೆ ಕಣ್ರೀ!" ನಮ್ಮ ಅತ್ತೆ ಒಳಗಿದ್ದರು. ಯಾರೋ ವಿಳಾಸ ತಪ್ಪಿ ಹಾಕಿದ್ದಾರೆ ಎಂದು ಹೇಳಿ ಒಲೆಗೆ ಹಾಕಿದೆ. ನನ್ನ ತವರಿನ ಕಸುಬು ಇವರಿಗೆ ಒಬ್ಬರಿಗೆ ಬಿಟ್ಟರೆ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಸುಣ್ಣದ ಅಳತೆ ನನಗೆ ನೆನಪಿಲ್ಲ.

ನೀವು ಮನಸ್ಸಿನಲ್ಲಿ ಏನು ಇಟ್ಟುಕೊಂಡಿದ್ದೀರಿ ಎಂದು ಗೊತ್ತು. ಒಡಹುಟ್ಟಿದವಳ ಮಣ್ಣಿಗೆ ಬರಲಿಲ್ಲ ಎಂದು. ನಿಮ್ಮ ತಂತಿ ಬಂದ ಮಂಗಳವಾರ ಸಾಯಂಕಾಲವೇ ಬಚ್ಚಲಿಗೆ ಹೋಗಿ ತಂಗಿಯ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡೆ. ಗುರುವಾರ ಮನೆಯಲ್ಲಿ ನಾದಿನಿಯ ಮದುವೆ, ಚಪ್ಪರ ಎದ್ದಿತ್ತು. "ಹೋದವಳು ಹೋದಳು, ಮದುವೆ ಮುಗೀಲಿ," ಅಂದರು ಇವರು. ಬಚ್ಚಲಲ್ಲಿ ನೀರು ಬೀಳುವಷ್ಟು ಹೊತ್ತು ಅತ್ತುಕೊಂಡೆ. ಆಮೇಲೆ ಬಂದು ಲಾಡು ಕಟ್ಟಿದೆ. ಮದುವೆ ಮುಗಿದ ಮೇಲೆ ಬರಲು ಮುಖವಿರಲಿಲ್ಲ.

ವರ್ಷ ತುಂಬಿಲ್ಲ. ಪಟ್ಟಿ ಕಟ್ಟಿಕೊಂಡು ಮೇಳದಲ್ಲಿ ನಿಲ್ಲಲು ನಿಮಗೆ ಹೇಗೆ ಮನಸ್ಸು ಬರುತ್ತದೆ?

ಜಯಲಕ್ಷ್ಮಮ್ಮ


ಕಡೂರು
17-12-1978

ಅಕ್ಕನವರಿಗೆ,

ನೀವು ಹೇಳಿದಂತೆ ಇನ್‌ಲ್ಯಾಂಡಿನಲ್ಲಿ ಬರೆಯುತ್ತಿದ್ದೇನೆ, ಮೇಲೆ ಜಯಲಕ್ಷ್ಮಮ್ಮ ಎಂದೇ ಹಾಕಿದ್ದೇನೆ. ತಂತಿಯ ವಿಷಯ ಬರೆದದ್ದನ್ನು ಎರಡು ಸಲ ಓದಿದೆ. ಅದಕ್ಕೆ ನಾನು ಏನೂ ಬರೆಯುವುದಿಲ್ಲ.

ಮೇಳ ಇವತ್ತಿಗೆ ಮುಗಿಯಿತು. ಮಳಿಗೆಗಳು ಒಟ್ಟು ಇಪ್ಪತ್ತಾರು. ರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಮುದ್ದೆ ಉಪ್ಪೆಸರು, ತಂಬಿಟ್ಟು, ಅವರೆಕಾಳಿನ ಉಸಲಿ. ನಮ್ಮ ಪಕ್ಕದ್ದು ದೇವನೂರಿನ ತಿಮ್ಮಕ್ಕನ ರೊಟ್ಟಿ ಅಂಗಡಿ. ನಮಗೆ ಗಿರಾಕಿ ಕರೆದುಕೊಟ್ಟವಳೂ ಅವಳೇ. ಮೊದಲ ದಿನ ಸಖರಾಯಪಟ್ಟಣದ ಕಡೆಯ ಹಿರಿಯರೊಬ್ಬರು ನಮ್ಮ ಬೋರ್ಡಿನ ಮುಂದೆ ನಿಂತು ಕೇಳಿದರು:

"ನೀರಾ?"

"ಹೂಂ, ನೀರಾ," ಅಂದೆ.

"ಅದೇ ಕಣಯ್ಯ ನಾನೂ ಕೇಳ್ತಿರೋದು. ನೀರಾ, ಅಂತ."

"ನೀರಲ್ಲ ಯಜಮಾನ್ರೇ. ನೀರಾ."

"ಲೇ, ನೀರಲ್ಲ ಅಂತ ನೀನೇ ಅಂತೀಯ, ಮತ್ತೆ ನೀರಾ ಅಂತ ನನ್ನೇ ಕೇಳ್ತೀಯ. ಬೆಳಿಗ್ಗೇನೇ ಏರಿಸ್ಕೊಂಡ್ ಬಂದಿದ್ದೀಯೇನೋ?"

ತಿಮ್ಮಕ್ಕ ರೊಟ್ಟಿ ತಟ್ಟುತ್ತಲೇ, "ಈಚಲು ಮರದ ಹಾಲು ಕಣಜ್ಜಯ್ಯ, ಕುಡೀರಿ. ಅಮಲು ಬರಾಕಿಲ್ಲ," ಅಂದಳು.

"ಅಮಲು ಬರ್ದಿದ್ಮೇಲೆ ಯಾಕವ್ವ ಕುಡೀಲಿ?" ಅಂದರು. ಆದರೂ ಮೂರು ಲೋಟ ಕುಡಿದರು. ಕಲ್ಲಮ್ಮ ಇದ್ದಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಅವಳು ನಿಲ್ಲುತ್ತಿದ್ದ ಕಡೆ ತಿರುಗಿ ನೋಡಿದೆ. ಅಲ್ಲಿ ಖಾಲಿ ಲೋಟಗಳ ಬುಟ್ಟಿ ಇತ್ತು.

ಎರಡು ದಿನ ಚೆನ್ನಾಗಿ ನಡೆಯಿತು. ಇಲಾಖೆಯವರು ಕೊಟ್ಟ ಹಾಳೆಯಲ್ಲಿ ಮಡಕೆಗೆ ಇಷ್ಟು ಚಮಚ ಸುಣ್ಣ ಎಂದು ಬರೆದಿದೆ, ಹಾಗೇ ಮಾಡಿದೆ. ಮೂರನೇ ದಿನ ಅದೇ ಚಮಚ, ಅದೇ ಸುಣ್ಣ, ಆದರೂ ಒಂಬತ್ತು ಮಡಕೆ ಹುಳಿ ಬಂತು. ಎಲ್ಲವನ್ನೂ ಚೆಲ್ಲಿದೆವು. ಆಮೇಲೆ ಸುಮ್ಮನೆ ಕೂರಲಾಗದೆ ಬೇರೆಯವರ ಬೆಂಚು ಹೊತ್ತೆ, ತಿಮ್ಮಕ್ಕನ ಕಾವಲಿ ತಿಕ್ಕಿದೆ, ಚಪ್ಪರದ ಹಗ್ಗ ಬಿಚ್ಚಿ ಮತ್ತೆ ಕಟ್ಟಿದೆ.

ಜ್ಞಾಪಿಸಿಕೊಂಡು ನೋಡಿ ಅಕ್ಕ. ಚಮಚದ ಲೆಕ್ಕವಲ್ಲ ಎಂದು ಕಾಣುತ್ತದೆ.

ಷಣ್ಮುಖಪ್ಪ


ಲಕ್ಕವಳ್ಳಿ
1-1-1979

ಷಣ್ಮುಖಪ್ಪನವರಿಗೆ,

ಒಂಬತ್ತು ಮಡಕೆ ಚೆಲ್ಲಿದೆವು ಎಂದು ಬರೆದಿದ್ದೀರಿ. ಚೆಲ್ಲಿದಿರೋ, ಕುಡಿದಿರೋ?

ಕೋಪದಿಂದ ಕೇಳುತ್ತಿಲ್ಲ. ಕಾಲೋನಿಯ ಸ್ಟೋರ್ ಕೀಪರನ ಹೆಂಡತಿ ಕಡೂರಿನ ಮೇಳಕ್ಕೆ ಹೋಗಿದ್ದಳು. ನೀರಾ ಅಂಗಡಿಯಲ್ಲಿ ಒಬ್ಬ ಹಳದಿ ಪಟ್ಟಿಯವನು ಮಡಕೆಯೊಳಗೆ ಮುಖ ಇಟ್ಟು ಕೂತವನು ಎಷ್ಟು ಹೊತ್ತಾದರೂ ಎತ್ತಲಿಲ್ಲ, ಕಣ್ಣು ಕೆಂಪಗಿತ್ತು ಎಂದು ಎಲ್ಲರ ಮುಂದೆ ಆಡಿ ತೋರಿಸಿ ನಗಿಸಿದಳು. ನಾನೂ ನಕ್ಕೆ. ನಗದಿದ್ದರೆ ನೋಡುತ್ತಿದ್ದರು.

ನಮ್ಮ ಅಪ್ಪ ಮಾರಲು ಇಳಿಸಿ, ಮಿಕ್ಕಿದ್ದನ್ನು ಕುಡಿದು, ಆಮೇಲೆ ಮಿಗಿಸಲಿಕ್ಕೆಂದೇ ಇಳಿಸುತ್ತಿದ್ದ. ಕಲ್ಲುವಿನ ಗಂಡ ಅಂಥವನಲ್ಲ ಎಂದುಕೊಂಡಿದ್ದೆ. ದುಃಖಕ್ಕೆ ಕುಡಿಯುತ್ತೇನೆ ಎಂದು ಬರೆಯಬೇಡಿ. ನಿಮ್ಮ ಅಕ್ಷರ ಈಗೀಗ ಒಂದು ಕಡೆ ವಾಲುತ್ತಿದೆ. ನೆಟ್ಟಗಾದ ಮೇಲೆ ಬರೆಯಿರಿ.

ಜಯಲಕ್ಷ್ಮಮ್ಮ


ಅಜ್ಜಂಪುರ
24-1-1979

ಅಕ್ಕನವರಿಗೆ,

ಮಡಕೆಯೊಳಗೆ ಮುಖ ಇಟ್ಟವನು ನಾನೇ. ಕುಡಿಯಲು ಅಲ್ಲ. ಕೇಳಲು.

ಹುಳಿ ಬರುವ ಮುಂಚೆ ನೀರಾ ಸಣ್ಣಗೆ ಸದ್ದು ಮಾಡುತ್ತದಂತೆ. ನೆನೆಹಾಕಿದ ಅಕ್ಕಿ ನೀರು ಹೀರುವಂಥ ಸದ್ದು ಎನ್ನುತ್ತಿದ್ದಳು ಕಲ್ಲಮ್ಮ. ಅವಳು ಒಂದೊಂದೇ ಮಡಕೆಗೆ ಕಿವಿ ಇಡುತ್ತಿದ್ದಳು. ನನಗೆ ಏನೂ ಕೇಳಿಸಲಿಲ್ಲ, ಅದಕ್ಕೇ ಅಷ್ಟು ಹೊತ್ತು. ಕಣ್ಣು ಕೆಂಪಗಾದದ್ದು ಸುಣ್ಣದ ಕೈಯಲ್ಲಿ ಒರೆಸಿಕೊಂಡದ್ದರಿಂದ. ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತೇನೆ, ಅಕ್ಷರ ವಾಲುತ್ತದೆ.

ಏಳನೇ ಕ್ಲಾಸು ಬಿಟ್ಟಾಗಿನಿಂದ ದಿನವೂ ನಾಲ್ಕು ಸಾಲು ಡೈರಿ ಬರೆಯುವವನು ನಾನು. ನಿಮ್ಮನ್ನು ನಂಬಿಸುವುದಕ್ಕೆ ಎರಡು ದಿನದ್ದು ಇದ್ದ ಹಾಗೇ ಇಳಿಸುತ್ತೇನೆ.

"25-2-78. ತರೀಕೆರೆ ಮೇಳ. ಕಲ್ಲಮ್ಮ ಹದಿನಾಲ್ಕು ಮಡಕೆಗೆ ಕಿವಿ ಇಟ್ಟಳು. ಒಂದೂ ಕೆಟ್ಟಿಲ್ಲ."

"1-3-78. ಬುಧವಾರ. ತರೀಕೆರೆ ಆಸ್ಪತ್ರೆ. ಎರಡು ಚಮಚ ಗಂಜಿ ಕುಡಿದಳು. ಖಾಲಿ ಲೋಟ ಕಿವಿಗೆ ಹಿಡಿದು, ಇನ್ನೂ ಹುಳಿ ಬಂದಿಲ್ಲ ಎಂದು ನಕ್ಕಳು."

ಈ ಊರಿನ ಮೇಳ ಮೊನ್ನೆ ಮುಗಿಯಿತು. ಎರಡನೇ ದಿನವೇ ಹುಳಿ ಬಂತು. ಅಬಕಾರಿಯವರು ಲೋಟ ಮೂಸಿ ನೋಡಿ, "ಏನ್ರೀ ಇದು, ಸರ್ಕಾರದ ಬೋರ್ಡು ಹಾಕ್ಕೊಂಡು ಹೆಂಡ ಮಾರ್ತೀರಾ?" ಎಂದು ಬರೆದುಕೊಂಡು ಹೋದರು. ತರೀಕೆರೆಯಲ್ಲಿ ಇನ್ನೊಂದು ಸಲ ಹೀಗಾದರೆ ಅನುಮತಿ ರದ್ದು. ಸಂಘದ ಹಿರಿಯ ದೊಡ್ಡಬೀರಪ್ಪ ಯಾರನ್ನೂ ಬಯ್ಯಲಿಲ್ಲ. "ಸುಣ್ಣ ಬಿಟ್ಟು ಕಂಟ್ರಾಕ್ಟರಿಗೆ ಹೆಂಡಾನೇ ಇಳಿಸಾನ ಬಿಡು. ಹೆಂಗೂ ಜನ ಅಂಗೇ ಅಂತವ್ರೆ," ಅಂದ. ಹನ್ನೊಂದು ಮನೆಯೂ ಆ ದಾರಿಗೆ ವಾಪಸು ಹೋದರೆ ಕಲ್ಲಮ್ಮ ಐದು ವರ್ಷ ಬಳಿದ ಸುಣ್ಣಕ್ಕೆ ಅರ್ಥವಿಲ್ಲ.

ತರೀಕೆರೆಯ ಮೇಳ ಫೆಬ್ರವರಿ 23ರಿಂದ ಮೂರು ದಿನ. ಬಿಸಿಲು ಆಗಲೇ ಏರುತ್ತಿದೆ.

ಷಣ್ಮುಖಪ್ಪ


ಲಕ್ಕವಳ್ಳಿ
2-2-1979

ಷಣ್ಮುಖಪ್ಪನವರಿಗೆ,

ನಿಮ್ಮ ತಂತಿ ನನಗೆ ಬಂದದ್ದು ಮಂಗಳವಾರ. ಫೆಬ್ರವರಿ 28. ಟ್ರಂಕಿನಿಂದ ತೆಗೆದು ಮುಂದೆ ಇಟ್ಟುಕೊಂಡಿದ್ದೇನೆ, ಠಸ್ಸೆ ಸರಿಯಾಗಿ ಕಾಣುತ್ತದೆ. "ಕಲ್ಲಮ್ಮ ಸೀರಿಯಸ್, ಕೂಡಲೇ ಹೊರಡಿ" ಎಂದಿದೆ.

ಸೀರಿಯಸ್ ಎಂದರೆ ಏನು? ನಮ್ಮ ಮಾವನವರು ಹೋದಾಗ ಊರಿಗೆಲ್ಲ ಸೀರಿಯಸ್ ಎಂದೇ ತಂತಿ ಕೊಟ್ಟರು. ಎದುರು ಮನೆಯ ಮಗು ಹೋದಾಗಲೂ ಹಾಗೇ. ಸತ್ತರು ಎಂದು ತಂತಿಯಲ್ಲಿ ಯಾರು ಬರೆಯುತ್ತಾರೆ? ಓದಿದವರು ತಾವೇ ತಿಳಿದುಕೊಳ್ಳುತ್ತಾರೆ. ನಾನು ತಿಳಿದುಕೊಂಡೆ.

ಬುಧವಾರ ಗಂಜಿ ಕುಡಿದಳು ಎಂದು ಬರೆದಿದ್ದೀರಿ. ಯಾವ ಬುಧವಾರ? ತಾರೀಖು ಇಳಿಸುವಾಗ ತಪ್ಪಾಗಿರಬೇಕು. ಡೈರಿ ಇನ್ನೊಂದು ಸಲ ನೋಡಿ ಬರೆಯಿರಿ. ಇವತ್ತೇ ಬರೆಯಿರಿ.

ಜ.


ಅಜ್ಜಂಪುರ
7-2-1979

ಅಕ್ಕ,

ತಾರೀಖು ತಪ್ಪಿಲ್ಲ. ಇಳಿಸಿದ್ದು ತಪ್ಪಾಯಿತು. ನೀವು ಮಂಗಳವಾರವೇ ತಲೆಗೆ ನೀರು ಹಾಕಿಕೊಂಡೆ ಎಂದು ಬರೆದ ದಿನವೇ ನನಗೆ ಗೊತ್ತಾಯಿತು. ಅಲ್ಲಿಯವರೆಗೆ, ಹೆಂಡದವರ ಮನೆ ಎಂದು ನಾಚಿ ಬರಲಿಲ್ಲ ಎಂದು ನಿಮ್ಮ ಮೇಲೆ ಹಗೆ ಇಟ್ಟುಕೊಂಡಿದ್ದೆ. ಗೊತ್ತಾದ ಮೇಲೆ ಇದನ್ನು ನಿಮಗೆ ತಿಳಿಸಬಾರದು ಎಂದುಕೊಂಡೆ. ಕುಡುಕ ಎಂದಿರಲ್ಲ, ಅಲ್ಲ ಎಂದು ತೋರಿಸುವ ಆತುರದಲ್ಲಿ ಕೈ ತಪ್ಪಿತು.

ತಂತಿ ಕೊಡುವಾಗ ನಾನು ಹೇಳಿದ್ದು, ಮೈ ಸುಡುತ್ತಿದೆ, ಅಕ್ಕನನ್ನು ಕೇಳುತ್ತಿದ್ದಾಳೆ ಎಂದು. ಅಂಚೆ ಕಚೇರಿಯ ಕಿಟಕಿಯಲ್ಲಿದ್ದವರು, "ಅಷ್ಟುದ್ದ ಯಾಕೆ? ಎಲ್ರೂ ಬರ್ಸೋದು ಇಷ್ಟೇ," ಎಂದು ಚುಟುಕಾಗಿ ಬರೆದುಕೊಟ್ಟರು. ಆ ಮಾತಿಗೆ ಎಲ್ಲರೂ ತಿಳಿಯುವ ಅರ್ಥ ನನಗೂ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ಲಕ್ಕವಳ್ಳಿ ಒಂದು ಗಂಟೆಯ ದಾರಿ, ನಾನೇ ಬಸ್ಸು ಹತ್ತಬಹುದಿತ್ತು. ಅವಳು ನನ್ನ ಬೆರಳು ಹಿಡಿದಿದ್ದಳು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಹೋದಳು. ಲಕ್ಕವಳ್ಳಿ ಬಸ್ಸು ಬರುವ ಹೊತ್ತು. ಹಾರನ್ ಕೇಳಿದರೆ ಬಾಗಿಲ ಕಡೆ ನೋಡುತ್ತಿದ್ದಳು.

ನಾನೂ ನಿಮ್ಮಿಂದ ಮುಚ್ಚಿಟ್ಟದ್ದು ಒಂದಿದೆ. ಅವಳಿಗೆ ಮೇಳದ ಎರಡನೇ ದಿನವೇ ಜ್ವರ ಬಂದಿತ್ತು. "ಇವತ್ತೊಂದಿನ ತಡಿ ಕಲ್ಲು, ಕೈ ಸಾಲ್ದು," ಅಂದೆ. ತಡೆದಳು. ಜ್ವರದಲ್ಲೇ ಸುಣ್ಣ ಬಳಿದಳು. ಐದು ವರ್ಷದಲ್ಲಿ ಮೊದಲ ಸಲ, ಕೊನೆಯ ದಿನ, ಅವಳು ಬಳಿದ ಮಡಕೆಗಳು ಹುಳಿ ಬಂದವು. ಗಿರಾಕಿಗಳ ಮುಂದೆಯೇ, "ನಿನ್ ಕೈ ಕೆಟ್ಟೋಯ್ತು ಬಿಡು," ಅಂದುಬಿಟ್ಟೆ. ಅವಳು ತನ್ನ ಕೈ ನೋಡಿಕೊಂಡಳು.

ಬುಧವಾರ ಅವಳು ಹೇಳಿದ ಮಾತು: "ನನ್ ಕೈ ಕೆಟ್ಟಿಲ್ಲ ಕಣ್ರೀ. ಯಾಕ್ ಹಿಂಗಾಯ್ತೋ, ಅಕ್ಕ ಬತ್ತಾಳಲ್ಲ, ಕೇಳಾನ." ಸುಣ್ಣ ಎಷ್ಟು ಎಂದು ನಾನು ನಿಮ್ಮನ್ನು ಕೇಳುತ್ತಿರುವುದು ಮೇಳಕ್ಕೆ ಮಾತ್ರವಲ್ಲ.

ಷಣ್ಮುಖಪ್ಪ


(ಕಾರ್ಡು ಅಲ್ಲ, ಇನ್‌ಲ್ಯಾಂಡು)
ಅಜ್ಜಂಪುರ
18-2-1979

ಅಕ್ಕನವರಿಗೆ,

ಹನ್ನೊಂದು ದಿನವಾಯಿತು, ನಿಮ್ಮಿಂದ ಏನೂ ಬಂದಿಲ್ಲ. ದಿನಕ್ಕೆ ಎರಡು ಸಲ ಅಂಚೆ ಕಚೇರಿಗೆ ಹೋಗಿ ಬರುತ್ತೇನೆ. ಬರೆದದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದೇನೆ. ಸುಳ್ಳು ಎಂದೇ ತಿಳಿಯಿರಿ, ನಾನು ಕುಡಿದು ಬರೆದೆ ಎಂದುಕೊಳ್ಳಿ. ನಿಮ್ಮ ಆರೋಗ್ಯದ ಬಗ್ಗೆ ಒಂದು ಸಾಲು ಸಾಕು. ಸುಣ್ಣದ ಮಾತು ಬೇಡ. ಶುಕ್ರವಾರ ಮೇಳ. ಚಮಚದ ಲೆಕ್ಕದಲ್ಲೇ ಬಳಿಯುತ್ತೇವೆ, ಆದದ್ದಾಗಲಿ.

ಷಣ್ಮುಖಪ್ಪ


(ತಂತಿ)
ಲಕ್ಕವಳ್ಳಿ
21-2-1979

ಕರಿಯಮ್ಮ ಹುಷಾರಾಗಿದ್ದಾಳೆ. ಗುರುವಾರ ಎಂಟು ಗಂಟೆ ಬಸ್ಸಿಗೆ ತರೀಕೆರೆ ಬರುತ್ತಾಳೆ. ಸುಣ್ಣ ನೆನೆಸಿಡಿ.


ಅಜ್ಜಂಪುರ
27-2-1979

ಕರಿಯಕ್ಕನವರಿಗೆ,

ನಾಲ್ಕು ದಿನ ಒಂದೇ ಚಪ್ಪರದಡಿ ಇದ್ದೂ ನಾವಿಬ್ಬರು ಆಡಿದ್ದು ಲೋಟ, ಮಡಕೆ, ಸೌದೆಯ ಮಾತು. ಮಿಕ್ಕದ್ದನ್ನು ಹೀಗೆ ಬರೆಯಬೇಕಾಗಿದೆ.

ಪಟ್ಟಿ ಹಂಚುವವನು ಹೆಸರು ಕೇಳಿದಾಗ ನೀವು ಕರಿಯಮ್ಮ ಎಂದಿರಿ. ಅವನು "ಯಾವ ಅಂಗಡಿ?" ಅಂದ. "ನೀರಾ," ಎಂದಿರಿ. "ನೀರಿಗೆ ಬೇರೆ ಜನ ಅವ್ರಲ್ಲಮ್ಮ," ಅಂದ. ತಿಮ್ಮಕ್ಕನ ನಗು ಇನ್ನೂ ನಿಂತಿಲ್ಲ. ನೀವು ನಕ್ಕದ್ದನ್ನೂ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡಿರಿ, ಅವಳ ಹಾಗೆಯೇ.

ಗುರುವಾರ ಸಾಯಂಕಾಲ ಸುಣ್ಣ ಬಳಿಯುವ ಮುಂಚೆ ನೀವು ಖಾಲಿ ಮಡಕೆ ಎತ್ತಿ ಕೆನ್ನೆಗೆ ಒತ್ತಿಕೊಂಡಿರಿ. ದೊಡ್ಡಬೀರಪ್ಪ, "ಇದ್ಯಾಕವ್ವ ಮಗೀನಂಗೆ ಮುದ್ದಾಡ್ತಿ?" ಅಂದ. "ಮಡಕೆ ಕೆನ್ನೆಗೆ ತಣ್ಣಗಿದ್ರೆ ಒಂದ್ ಸುತ್ತು ಸುಣ್ಣ. ಬೆಚ್ಚಗಿದ್ರೆ ಎರಡು. ನಮ್ಮವ್ವ ಅಳೀತಿದ್ದಿದ್ದು ಇಷ್ಟೇ ಕಣಣ್ಣ," ಎಂದಿರಿ. ನಾನು ಎದ್ದು ಚಪ್ಪರದ ಹಿಂದೆ ಹೋದೆ. ನೀವು ಅದನ್ನು ಗಮನಿಸಿದಿರಿ, ಕೇಳಲಿಲ್ಲ.

ಕಲ್ಲಮ್ಮನೂ ಮಡಕೆ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಐದು ವರ್ಷ ನೋಡಿದ್ದೇನೆ. ಬಿಸಿಲಿನಲ್ಲಿ ದಣಿದು ತಂಪಿಗೆ ಒತ್ತಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆ ಕೊನೆಯ ಸಾಯಂಕಾಲವೂ ಒತ್ತಿಕೊಂಡಳು. ಅವಳ ಕೆನ್ನೆ ಕೆಂಡವಾಗಿತ್ತು. ಆ ಕೆನ್ನೆಗೆ ಯಾವ ಮಡಕೆ ತಾನೇ ಬೆಚ್ಚಗೆ ಕಂಡೀತು? ಎಲ್ಲಕ್ಕೂ ಒಂದೇ ಸುತ್ತು ಬಳಿದಳು.

ಅವಳ ಕೈ ಕೆಟ್ಟಿರಲಿಲ್ಲ ಅಕ್ಕ.

ಮೂರು ದಿನದಲ್ಲಿ ಒಂದು ಮಡಕೆಯೂ ಹುಳಿ ಬರಲಿಲ್ಲ. ಅಬಕಾರಿಯವರು ಎರಡು ಲೋಟ ಕುಡಿದು ಏನೂ ಬರೆದುಕೊಳ್ಳದೆ ಹೋದದ್ದು ನೀವೇ ಕಂಡಿರಿ. ಈಗ ಮನೆಯಲ್ಲಿದ್ದೇನೆ. ಸಾಯಂಕಾಲವಾದರೆ ಕಾಲು ಹೊರಗೆಳೆಯುತ್ತದೆ, ಮೊದಲಿನ ಹಾಗೆಯೇ. ನಿನ್ನೆ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅವಳ ಮಡಕೆಯೊಂದು ಅಟ್ಟದ ಮೇಲಿತ್ತು. ಇಳಿಸಿ ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತೆ.

ನಿಮ್ಮ ಮನೆಯಲ್ಲಿ ಏನೆಂದು ಹೇಳಿ ಹೊರಟಿರಿ, ಏನಾಯಿತು, ಬರೆಯಿರಿ.

ಷಣ್ಮುಖಪ್ಪ


(ಕಾರ್ಡು)
ಲಕ್ಕವಳ್ಳಿ
3-3-1979

ಷಣ್ಮುಖಪ್ಪನವರಿಗೆ,

ಕಾರ್ಡಿನಲ್ಲೇ ಸಣ್ಣಕ್ಷರದಲ್ಲಿ ಬರೆಯುತ್ತಿದ್ದೇನೆ. ಲಕ್ಕಣ್ಣ ಓದಿಕೊಳ್ಳಲಿ.

ನಿಮ್ಮ ಕಾಗದ ಬಂತು. ಅಕ್ಷರ ಇನ್ನೂ ವಾಲುತ್ತದೆ, ವಾಲಲಿ ಬಿಡಿ. ಕೆನ್ನೆಯ ವಿಷಯ ಓದಿದೆ. ಅವ್ವ ನನಗೆ ಇನ್ನೊಂದು ಮಾತು ಹೇಳಿಕೊಟ್ಟಿದ್ದಳು: ಮೈ ಬೆಚ್ಚಗಿದ್ದ ದಿನ ಮಡಕೆ ಮುಟ್ಟಬಾರದು, ಪಕ್ಕದವಳ ಕೆನ್ನೆಗೆ ಒತ್ತಿ ಕೇಳಬೇಕು. ಕಲ್ಲುಗೆ ಅದನ್ನು ಹೇಳಿಕೊಡುವ ಮುಂಚೆ ನನ್ನ ಮದುವೆಯಾಯಿತು. ತಪ್ಪಿನಲ್ಲಿ ನನ್ನ ಪಾಲೂ ಇದೆ, ಎಲ್ಲವನ್ನೂ ನೀವೇ ಇಟ್ಟುಕೊಳ್ಳಬೇಡಿ.

ಹೊರಡುವಾಗ ದೇವಸ್ಥಾನಕ್ಕೆ ಎಂದು ಹೇಳಿದ್ದೆ. ಹಳದಿ ಪಟ್ಟಿ ಬ್ಯಾಗಿನಿಂದ ಬಿದ್ದು ಇವರಿಗೆ ಸಿಕ್ಕಿಬಿದ್ದೆ. ಇವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ನಿನ್ನೆ ಮಾರ್ಚಿ 2. ನಡುಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಒದ್ದೆ ತಲೆಯಲ್ಲೇ ಹಜಾರಕ್ಕೆ ಬಂದೆ. ಅತ್ತೆ ಎದ್ದು ನಿಂತರು.

"ಇದೇನೇ, ಈ ಹೊತ್ನಲ್ಲಿ? ಯಾರೇ ಹೋದ್ರು?"

"ನನ್ ತಂಗಿ ಕಣತ್ತೆ. ಈಚಲು ಮರ ಇಳಿಸೋರ ಮನೆ ಕಲ್ಲಮ್ಮ."

"ಯಾವತ್ತು?"

"ಹೋದ್ ವರ್ಷ, ಮದ್ವೆ ಗುರುವಾರ," ಅಂದೆ.

ಕರಿಯಮ್ಮ